ಟೀಚರ್ ಕೆಲಸ ಬಿಡುವುದಾದರೆ ಯಾವಾಗ ಬಿಡಬೇಕು?

(ಶ್ರಮಿಕ ಸಂತ ಜೋಸೆಫರ ಹಬ್ಬದ ದಿನ ತೋಟದ ಕುಟುಂಬಗಳ ಕೂಟದಲ್ಲಿ ಧರ್ಮಕೇಂದ್ರದ ಉಪದೇಶಿಯೊಬ್ಬರು ಮಾಡಿದ ಭಾಷಣ)



1955ರಲ್ಲಿ ಪೋಪ್ ಹನ್ನೆರಡನೇ ಪಿಯುಸರು ಮೇ ಒಂದನ್ನು ಶ್ರಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಪ್ರತಿ ವರ್ಷ ಈ ದಿನ ನಾವು ಕೂಲಿ, ಬೋನಸ್ಸು, ಲೈನು ಮನೆಯ ಸೋರುವ ಶೀಟು ಇವುಗಳ ವಿಷಯ ಮಾತಾಡುವುದು ವಾಡಿಕೆ. ಈ ಸಲ ಸಂಘದವರು ಬೇರೆ ವಿಷಯ ಕೊಟ್ಟಿದ್ದಾರೆ. ಏಕೆಂದರೆ ಪಾಸ್ಖ ಹಬ್ಬ ಕಳೆದ ಮೇಲೆ ನಾಲ್ಕು ಮನೆಯವರು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದರು. "ಉಪದೇಶಿಯಣ್ಣ, ಮಗಳು ಟೀಚರ್ ಕೆಲಸ ಬಿಡ್ತೀನಿ ಅಂತಾಳೆ. ನೀವಾದರೂ ಬುದ್ಧಿ ಹೇಳಿ" ಎಂದು.

ಬಿಡಬೇಕೋ ಬೇಡವೋ ಎಂಬುದನ್ನು ಅವಳೇ ಪ್ರಾರ್ಥನೆ ಮಾಡಿ ತೀರ್ಮಾನಿಸಲಿ. ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಬಿಡುವುದಾದರೆ ಯಾವಾಗ ಬಿಡಬೇಕು ಎಂಬ ಪ್ರಶ್ನೆ ಬೇರೆ. ಅದರಲ್ಲಿ ದುಡ್ಡಿದೆ, ಕಾನೂನಿದೆ, ಮನೆಯಿದೆ. ಯೂನಿಯನ್ ಕಾಗದಪತ್ರ ಹಿಡಿದುಕೊಂಡು ಓಡಾಡಿದವರು ಆ ವಿಷಯದಲ್ಲಿ ನಾಲ್ಕು ಮಾತು ಹೇಳಬಹುದು.

ಮೊದಲು ತಾಯಂದಿರಿಗೆ ಒಂದು ಮಾತು. ಲೈನಿನಿಂದ ಮೊದಲ ಸಲ ಒಬ್ಬಳು ಟೀಚರ್ ಆದಾಗ ಇಡೀ ಲೈನಿಗೆ ಹೆಮ್ಮೆ. ನೀವು ಮಳೆಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಎಲೆ ಕಿತ್ತು ಅವಳನ್ನು ಓದಿಸಿದಿರಿ. ಈಗ ಅವಳು ಬಿಡುತ್ತೇನೆ ಎಂದರೆ ಆ ಮಳೆಯೆಲ್ಲಾ ವ್ಯರ್ಥವಾಯಿತೆಂದು ನಿಮಗೆ ಅನ್ನಿಸುತ್ತದೆ. ಆದರೆ ಅವಳ ಸಂಬಳದ ಪುಸ್ತಕವನ್ನು ಒಮ್ಮೆ ನೋಡಿ. ಸಣ್ಣ ಖಾಸಗಿ ಶಾಲೆಗಳಲ್ಲಿ ಕೆಲವು ಕಡೆ ಸಹಿ ಹಾಕಿಸುವ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು. ಬೇಸಿಗೆ ರಜೆಗೆ ಸಂಬಳವಿಲ್ಲ, ಆದರೆ ಅದೇ ರಜೆಯಲ್ಲಿ ಮನೆಮನೆಗೆ ಹೋಗಿ ಹೊಸ ಮಕ್ಕಳನ್ನು ಸೇರಿಸಿಕೊಂಡು ಬರಬೇಕು. ಕೇಳಿದರೆ "ಇದು ಸೇವೆ, ದೇವರ ಕರೆ" ಎನ್ನುತ್ತಾರೆ. ನಾನು ಉಪದೇಶಿ, ದೇವರ ಕರೆಯ ಬಗ್ಗೆ ಹಗುರವಾಗಿ ಮಾತಾಡುವವನಲ್ಲ. ಆದರೆ ಕರೆದ ದೇವರು ಕಡಿಮೆ ಕೂಲಿ ಕೊಡಿ ಎಂದು ಯಾವ ಮ್ಯಾನೇಜ್‌ಮೆಂಟಿಗೂ ಹೇಳಿಲ್ಲ. 1891ರಲ್ಲೇ ಪೋಪ್ ಹದಿಮೂರನೇ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ಪತ್ರದಲ್ಲಿ ದುಡಿಯುವವನ ಸಂಬಳ ಅವನ ಬಾಳುವೆಗೆ ಸಾಕಾಗುವಷ್ಟು ಇರಬೇಕೆಂದು ಬೋಧಿಸಿದ್ದಾರೆ. ಈ ಮಾತು ಶಿಲುಬೆ ಹೊತ್ತ ಫಲಕವಿರುವ ಶಾಲೆಗಳಿಗೂ ಸಲ್ಲುತ್ತದೆ. ಇದನ್ನು ಇಲ್ಲಿ ಹೇಳದಿದ್ದರೆ ಬೇರೆಲ್ಲಿ ಹೇಳುವುದು?

ಆದುದರಿಂದ ಬಿಡಬೇಕೆನ್ನುವವಳನ್ನು ಬೈಯಬೇಡಿ. ಕಾಗದಗಳನ್ನು ಹೊರಗೆ ತೆಗೆದು ತಾರೀಖು ನೋಡಿ.

ಈಗ ಗ್ರಾಚ್ಯುಟಿ ವಿಷಯ. ನಿಮಗೆಲ್ಲ ಗೊತ್ತಿರುವ ಮಾತಿದು, ಆದರೆ ನಿಮ್ಮ ಮಕ್ಕಳಿಗೆ ಗೊತ್ತಿಲ್ಲ! ಗ್ರಾಚ್ಯುಟಿ ಕಾಯಿದೆ ಬಂದದ್ದು 1972ರಲ್ಲಿ. ಅದರಲ್ಲಿ ಕಾರ್ಖಾನೆ, ಗಣಿ, ಬಂದರುಗಳ ಜೊತೆಗೆ ತೋಟಗಳ ಹೆಸರನ್ನೂ ಬರೆದಿದ್ದರು. ಹಾಗಾಗಿ ಎಲೆ ಕೀಳುವ ತಾಯಿಗೆ ಆ ಹಕ್ಕು ಮೊದಲಿನಿಂದ ಬಂತು. ಶಾಲೆಯ ಟೀಚರಿಗೆ ಬರಲಿಲ್ಲ. ಶಿಕ್ಷಕರು ಆ ಕಾಯಿದೆಯ ಪ್ರಕಾರ ‘ನೌಕರ’ರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಮೇಲೆ 2009ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಜಾರಿಗೆ ಬರುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿ ಸರಿಯೆಂದು ಹೇಳಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆಯ ಟೀಚರಿಗೆ ಗ್ರಾಚ್ಯುಟಿ ಉಂಟು, ಇದರಲ್ಲಿ ಈಗ ಅನುಮಾನವಿಲ್ಲ. "ನಮ್ಮದು ಶಾಲೆ, ಫ್ಯಾಕ್ಟರಿ ಅಲ್ಲ" ಎಂದು ಯಾರಾದರೂ ಹೇಳಿದರೆ ಈ ತಾರೀಖನ್ನು ಹೇಳಿ.

ಆದರೆ ಐದು ವರ್ಷ ತುಂಬಬೇಕು. ಸಾವು ಅಥವಾ ಅಂಗವಿಕಲತೆಯಿಂದ ಕೆಲಸ ಹೋದರೆ ಮಾತ್ರ ಈ ಐದು ವರ್ಷದ ಕಟ್ಟುಪಾಡಿಲ್ಲ. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ ಐದು ವರ್ಷದ ನಿಯಮ ಹಾಗೇ ಇದೆ. ಎರಡು ವಿಷಯ ಮಾತ್ರ ಹೊಸದು. ಇಂತಿಷ್ಟು ಅವಧಿಗೆಂದು ಕರಾರು ಬರೆದು ನೇಮಿಸಿದವರಿಗೆ ಒಂದು ವರ್ಷ ತುಂಬಿದರೆ ಸೇವೆಯ ಪ್ರಮಾಣದಲ್ಲಿ ಗ್ರಾಚ್ಯುಟಿ ಬರುತ್ತದೆ. ಇನ್ನೊಂದು, ಬೇಸಿಕ್ಕನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ದೊಡ್ಡದು ಮಾಡುವ ಆಟ ಇನ್ನು ಅಷ್ಟಾಗಿ ನಡೆಯುವುದಿಲ್ಲ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಿ ಲೆಕ್ಕ ಹಾಕಬೇಕು.

ಲೆಕ್ಕ ಹೇಗೆಂದರೆ, ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ವೇತನ 13,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 500 ಆಯಿತು. ಹದಿನೈದು ದಿನಕ್ಕೆ 7,500. ಐದು ವರ್ಷಕ್ಕೆ 37,500 ರೂಪಾಯಿ.

ನಮ್ಮ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. 2019ರ ಜೂನ್ 10ರಂದು ಕೆಲಸಕ್ಕೆ ಸೇರಿದಳು. 2023ರ ನವೆಂಬರಿನಲ್ಲಿ ಮಕ್ಕಳ ಮುಂದೆಯೇ ಅವಳನ್ನು ಏನೋ ಅಂದರಂತೆ. ಅದೇ ಸಂಜೆ ಎರಡು ಸಾಲಿನ ರಾಜೀನಾಮೆ ಬರೆದುಕೊಟ್ಟು ಬಂದಳು. ಅವಮಾನ ಸಣ್ಣದಲ್ಲ, ಅವಳ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇನ್ನು ಏಳು ತಿಂಗಳು ತಡೆದಿದ್ದರೆ ಐದು ವರ್ಷ ತುಂಬುತ್ತಿತ್ತು. ನಾನು ಈಗ ಹೇಳಿದ ಲೆಕ್ಕ ಅವಳದೇ. ಅಷ್ಟು ಹಣಕ್ಕೆ ಅವಳ ತಾಯಿ ಎಷ್ಟು ದಿನ ಎಲೆ ಕೀಳಬೇಕು ಎಂಬುದನ್ನು ಇಲ್ಲಿ ಕುಳಿತ ತಾಯಂದಿರೇ ಲೆಕ್ಕ ಹಾಕಬಲ್ಲಿರಿ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅವಳು 2024ರ ಮೇ 31ಕ್ಕೆ ಬಿಟ್ಟಿದ್ದರೂ ಐದು ವರ್ಷಕ್ಕೆ ಹತ್ತು ದಿನ ಕಡಿಮೆ. ಶಾಲೆಯ ವರ್ಷ ಬೇರೆ, ಸೇವೆಯ ವರ್ಷ ಬೇರೆ. ನಾಲ್ಕು ವರ್ಷದ ಮೇಲೆ 240 ದಿನ ಕೆಲಸವಾಗಿದ್ದರೆ ಐದು ವರ್ಷವೆಂದೇ ಎಣಿಸಬೇಕೆಂದು ಮದ್ರಾಸ್ ಹೈಕೋರ್ಟು ಹೇಳಿದ್ದುಂಟು. ಆದರೆ ಅದನ್ನು ಹಿಡಿದುಕೊಂಡು ವಾದ ಮಾಡಬೇಕು, ಓಡಾಡಬೇಕು. ಸೇರಿದ ತಾರೀಖು ದಾಟಿದ ಮೇಲೆ ಬಿಟ್ಟರೆ ಯಾವ ವಾದವೂ ಬೇಕಿಲ್ಲ. ಪ್ರತಿ ಏಪ್ರಿಲಿನಲ್ಲಿ ತೆಗೆದು ಪ್ರತಿ ಜೂನಿನಲ್ಲಿ ಹೊಸ ಆದೇಶ ಕೊಡುವ ಶಾಲೆಗಳೂ ಇವೆ. ಕೆಲಸ ಮಾಡುವವರ ತಪ್ಪಿಲ್ಲದೆ ಕೆಲಸ ನಿಂತರೆ ಅದರಿಂದ ಸೇವೆ ಕಡಿದುಹೋಗುವುದಿಲ್ಲ ಎಂಬುದು ಕಾನೂನಿನ ಮಾತು. ಆದುದರಿಂದ ಪ್ರತಿ ವರ್ಷದ ಆದೇಶವನ್ನೂ ಬೈಬಲಿನ ಜೊತೆ ಪೆಟ್ಟಿಗೆಯಲ್ಲಿಡಿ.

"ಸಿಟ್ಟು ಬಂದರೆ ಯೂನಿಯನ್ ಇದೆಯಲ್ಲ" ಎಂದು ಕೆಲವರು ಹೇಳುತ್ತಾರೆ. ಇದೆ. ಆದರೆ ತೋಟದ ಕೆಲಸಗಾರನಿಗೆ ಇದ್ದಷ್ಟು ದಾರಿ ಟೀಚರಿಗೆ ಇಲ್ಲ. ಗೋವಾದ ಒಂದು ಶಾಲೆಯ ಶಿಕ್ಷಕಿಯ ಮೊಕದ್ದಮೆಯಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ತೀರ್ಮಾನಿಸಿತು. ಚೆಕ್‌ರೋಲಿನಿಂದ ಹೆಸರು ಹೊಡೆದರೆ ತಾಯಿಗಾಗಿ ಯೂನಿಯನ್ನು ಲೇಬರ್ ಕೋರ್ಟಿನವರೆಗೆ ಹೋಗಬಹುದು. ಮಗಳಿಗೆ ಆ ಬಾಗಿಲು ಮುಚ್ಚಿತು. ಅದಕ್ಕೇ ಅವಳ ಕೈಯಲ್ಲಿ ಕಾಗದ ಬಲವಾಗಿರಬೇಕು, ತಾರೀಖು ಸರಿಯಾಗಿರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು.

ಪಿ.ಎಫ್. ವಿಷಯ ಬೇಗ ಹೇಳಿಬಿಡುತ್ತೇನೆ. ಇಪ್ಪತ್ತು ಜನರಿರುವ ಶಾಲೆಯಲ್ಲಿ ಪಿ.ಎಫ್. ಹಿಡಿಯಲೇಬೇಕು. ಮ್ಯಾನೇಜ್‌ಮೆಂಟು ಹಾಕುವ ಪಾಲಿನಲ್ಲಿ ಒಂದು ಭಾಗ ಪಿಂಚಣಿ ನಿಧಿಗೆ ಹೋಗುತ್ತದೆ. ಒಟ್ಟು ಹತ್ತು ವರ್ಷ ಸೇವೆಯಾದರೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿ. ಆ ಹತ್ತು ವರ್ಷ ಒಂದೇ ಶಾಲೆಯಲ್ಲಿ ಆಗಬೇಕೆಂದಿಲ್ಲ. ಶಾಲೆಯಲ್ಲಿ ಆರು ವರ್ಷ, ಟೀ ಫ್ಯಾಕ್ಟರಿ ಆಫೀಸಿನಲ್ಲಿ ನಾಲ್ಕು ವರ್ಷವಾದರೂ ಸರಿ, ಒಂದೇ ಯು.ಎ.ಎನ್. ನಂಬರಿಗೆ ಸೇರಿಸಿಕೊಂಡಿದ್ದರೆ. ಬಿಟ್ಟ ಕೂಡಲೇ ಪೂರ್ತಿ ಹಣ ತೆಗೆದು ಹಬ್ಬಕ್ಕೆ, ಚೀಟಿಗೆ ಕಟ್ಟಿದವರ ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಗರ್ಭಿಣಿಯಾದ ಟೀಚರುಗಳು ಗಮನಿಸಬೇಕು. "ಈಗ ರಾಜೀನಾಮೆ ಕೊಡು, ಮಗು ಆದ ಮೇಲೆ ಮತ್ತೆ ಬಾ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಕೊಡಬೇಡಿ. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಎಂಬುದು 2017ರಿಂದ ಇರುವ ನಿಯಮ. ರಾಜೀನಾಮೆ ಕೊಟ್ಟವಳಿಗೆ ಅದೂ ಇಲ್ಲ, ಸೇವೆಯೂ ಕಡಿಯಿತು. ಬಿಡುವ ಮನಸ್ಸಿದ್ದರೂ ರಜೆ ಮುಗಿಸಿ ಬಿಡಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ನಿಯಮವೇ ಬೇರೆ. ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದಲ್ಲ. ರಾಜೀನಾಮೆ ಎಂದು ಬರೆದುಕೊಟ್ಟರೆ ಹಿಂದಿನ ಸೇವೆಯೆಲ್ಲಾ ಸಾಮಾನ್ಯವಾಗಿ ಹೋದಂತೆಯೇ. ಇನ್ನೊಂದು ಸರ್ಕಾರಿ ಕೆಲಸಕ್ಕೆ ಹೋಗುವುದಾದರೆ ಇಲಾಖೆಯ ಮೂಲಕ ಅರ್ಜಿ ಹಾಕಿ, ಅನುಮತಿ ಪಡೆದು ಹೋಗಿ. ಆಗ ಹಳೆಯ ಸೇವೆ ಜೊತೆಗೆ ಬರುವ ದಾರಿ ಇರುತ್ತದೆ.

ಈಚೆಗೆ ಭಯದಿಂದ ಬಿಡುವವರೂ ಹೆಚ್ಚಾಗಿದ್ದಾರೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇದಕ್ಕೆ ಕಾರಣ. ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಟಿ.ಇ.ಟಿ. ಪರೀಕ್ಷೆ ಪಾಸು ಮಾಡಬೇಕು, ಅದಕ್ಕೆ ಎರಡು ವರ್ಷ ಕಾಲಾವಕಾಶ ಎಂದು ಆ ತೀರ್ಪು ಹೇಳಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅದೇ ತೀರ್ಪಿನಲ್ಲಿ ದೊಡ್ಡ ಪೀಠಕ್ಕೆ ಕಳುಹಿಸಿದರು. ನಮ್ಮ ಮಕ್ಕಳಲ್ಲಿ ಅನೇಕರು ಕ್ರೈಸ್ತ ಶಾಲೆಗಳಲ್ಲೇ ಇರುವುದರಿಂದ ಇದನ್ನು ತಿಳಿದಿರಬೇಕು. ಪರೀಕ್ಷೆಗೆ ಹೆದರಿ ಮೊದಲೇ ಓಡಿಹೋಗುವ ಅಗತ್ಯವಿಲ್ಲ. ತಮಿಳುನಾಡಿನಲ್ಲೂ ಕೇರಳದಲ್ಲೂ ಆ ಪರೀಕ್ಷೆಯಲ್ಲಿ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಲು ಅವಕಾಶ ಇದೆ. ಬಿಡುವ ಮನಸ್ಸಿದ್ದವರೂ ಬರೆದು ಪಾಸು ಮಾಡಿಕೊಂಡೇ ಬಿಡಲಿ. ಮುಂದೊಂದು ದಿನ ಮತ್ತೆ ಶಾಲೆಗೆ ಬರಬೇಕೆನಿಸಿದರೆ ಅದು ಕೈಯಲ್ಲಿರುತ್ತದೆ.

ಇಷ್ಟೆಲ್ಲಾ ಹೇಳಿದ್ದು ತಡೆಯಿರಿ, ಕಾಯಿರಿ ಎಂದು. ಈಗ ಹೇಳುವುದು ಕಾಯಲಾಗದ ಮಾತು. ಹೊಸ ಕೆಲಸಕ್ಕೆ ವಯಸ್ಸಿನ ಮಿತಿ ಇರುತ್ತದೆ, ಅದು ನಮಗಾಗಿ ನಿಲ್ಲುವುದಿಲ್ಲ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸವನ್ನು ತೆಗೆದುಕೊಳ್ಳಿ. ಹತ್ತನೇ ತರಗತಿಯ ಮಾರ್ಕಿನ ಮೇಲೆ ಸಿಗುತ್ತದೆ, ಊರು ಬಿಡಬೇಕಾಗಿಲ್ಲ, ನಮ್ಮವರು ಆಸೆಪಡುತ್ತಾರೆ. ಅದಕ್ಕೆ ವಯಸ್ಸು 18ರಿಂದ 40. ಪರಿಶಿಷ್ಟ ಜಾತಿಯವರಿಗೆ ಐದು ವರ್ಷ ಸಡಿಲಿಕೆ. ಆದರೆ 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸುವುದಿಲ್ಲ. ಒಂದೇ ಲೈನಿನಲ್ಲಿ, ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಇಬ್ಬರಲ್ಲಿ ಒಬ್ಬಳಿಗೆ 45, ದೀಕ್ಷಾಸ್ನಾನ ಪಡೆದವಳಿಗೆ ಹಿಂದುಳಿದ ವರ್ಗದ ಮೂರು ವರ್ಷ ಸೇರಿಸಿ 43, ಅದೂ ಆ ಸರ್ಟಿಫಿಕೇಟು ಸರಿಯಾಗಿ ಮಾಡಿಸಿಟ್ಟುಕೊಂಡಿದ್ದರೆ. ಈ ಅನ್ಯಾಯದ ವಿರುದ್ಧ ನಮ್ಮ ಸಭೆಗಳು ವರ್ಷಗಟ್ಟಲೆಯಿಂದ ಹೋರಾಡುತ್ತಿವೆ. ತೀರ್ಮಾನ ಬರುವ ತನಕ ನಿಮ್ಮ ವಯಸ್ಸು ಕಾಯುವುದಿಲ್ಲ.

ಅದೇ ಕೆಲಸಕ್ಕೆ ಹತ್ತನೇ ತರಗತಿಯವರೆಗೆ ಆ ವಲಯದ ಭಾಷೆ ಓದಿರಬೇಕು. ತಮಿಳುನಾಡಿನಲ್ಲಿ ತಮಿಳು, ಕೇರಳದಲ್ಲಿ ಮಲಯಾಳಂ. ಗಡಿಯ ಈಚೆ ಕನ್ನಡ ಮಾತ್ರ ಓದಿದವರು ಇಲ್ಲಿ ತಡೆಯುತ್ತಾರೆ. ಮನೆಯಲ್ಲಿ ಕನ್ನಡ ಇರಲಿ, ಪ್ರಾರ್ಥನೆ ಕನ್ನಡದಲ್ಲೇ ನಡೆಯಲಿ, ಆದರೆ ಚಿಕ್ಕ ಮಕ್ಕಳಿಗೆ ನಾಡಿನ ಭಾಷೆಯನ್ನೂ ಪಾಠವಾಗಿ ಓದಿಸಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ.

ಹಾಗಾದರೆ ಲೆಕ್ಕ ಹೇಗೆ ಹಾಕುವುದು? ಸೇವೆ ನಾಲ್ಕೂವರೆ ವರ್ಷವಾಗಿದ್ದು, ಮುಂದಿನ ಕೆಲಸದ ವಯಸ್ಸಿನ ಮಿತಿಗೆ ಮೂರು ವರ್ಷ ಇದ್ದರೆ ಕಾಯಬೇಕು. ಸೇವೆ ಒಂದೂವರೆ ವರ್ಷವಾಗಿದ್ದು ವಯಸ್ಸು ಮೀರುತ್ತಿದ್ದರೆ ಗ್ರಾಚ್ಯುಟಿಗಾಗಿ ಕುಳಿತುಕೊಳ್ಳುವುದು ಮೂರ್ಖತನ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ ಸಾಮತಿ ಲೂಕನ ಶುಭಸಂದೇಶದಲ್ಲಿದೆ. ನಾವು ಅದನ್ನು ಬರೀ ಆತ್ಮಕ್ಕೆ ಸಂಬಂಧಪಟ್ಟದ್ದೆಂದು ಓದಿ ಮುಗಿಸುತ್ತೇವೆ.

ಕೆಲಸ ಬಿಟ್ಟೇ ಹೊಸದನ್ನು ಕಲಿಯಬೇಕೆಂದೂ ಇಲ್ಲ. ಸಂತ ಪೌಲರು ಕೊರಿಂಥದಲ್ಲಿ ಗುಡಾರ ಹೊಲಿಯುತ್ತಲೇ ಬೋಧನೆ ಮಾಡಿದರು. ನನಗೆ ಗೊತ್ತಿರುವ ಒಬ್ಬ ಮೇಷ್ಟ್ರು ಎರಡು ಬೇಸಿಗೆ ರಜೆ ಕೂನೂರಿಗೆ ಹೋಗಿ ಟ್ಯಾಲಿ ಲೆಕ್ಕ ಕಲಿತ. ಮೂರನೆಯ ವರ್ಷ ಒಂದು ಟೀ ಫ್ಯಾಕ್ಟರಿ ಆಫೀಸಿನಿಂದ ಆದೇಶ ಕೈಗೆ ಬಂದ ಮೇಲೆಯೇ ಶಾಲೆಗೆ ರಾಜೀನಾಮೆ ಕೊಟ್ಟ. "ಸಿಗುತ್ತದೆ" ಎಂದು ಯಾರೋ ಫೋನಿನಲ್ಲಿ ಹೇಳಿದ ಮಾತಿಗೆ ಬಿಡಲಿಲ್ಲ.

ಇನ್ನು ಮನೆ. ಅಪ್ಪನೋ ಅಮ್ಮನೋ ತೋಟದಿಂದ ನಿವೃತ್ತರಾಗುವ ವರ್ಷ ದಯವಿಟ್ಟು ಟೀಚರ್ ಕೆಲಸ ಬಿಡಬೇಡಿ. ಲೈನು ಮನೆ ಕೆಲಸದ ಜೊತೆ ಕಟ್ಟಿದ ಮನೆ. ಮನೆ ಖಾಲಿ ಮಾಡುವ ತನಕ ಗ್ರಾಚ್ಯುಟಿ ಹಣ ತಡೆಹಿಡಿಯುವ ತೋಟಗಳನ್ನು ನಾವು ನೋಡಿದ್ದೇವೆ. ಆ ವರ್ಷ ಬಾಡಿಗೆ ಮನೆಗೆ ಮುಂಗಡ ಬೇಕು, ಸಂಘದ ಸಾಲಕ್ಕೆ ಸಂಬಳದ ಚೀಟಿ ಬೇಕು. ಮನೆಯಲ್ಲಿ ಎರಡು ದುಡಿಮೆ ಒಂದೇ ವರ್ಷ ನಿಂತರೆ ತಮ್ಮನ ಓದು ನಿಲ್ಲುತ್ತದೆ.

ಶಾಲೆಯ ಮಕ್ಕಳ ವಿಷಯವನ್ನೂ ಮರೆಯಬಾರದು. ಹಣದ ಲೆಕ್ಕ ಎಷ್ಟೇ ಹೇಳಿದರೂ, ಅಕ್ಟೋಬರಿನಲ್ಲಿ ಹತ್ತನೇ ತರಗತಿಯನ್ನು ಬಿಟ್ಟು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದರಲ್ಲೂ ಕನ್ನಡದಲ್ಲಿ ಕಲಿಸುವವರು ಗಡಿಯಲ್ಲಿ ಕಡಿಮೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದರೆಂದು ಕಾಸರಗೋಡಿನಲ್ಲಿ ಪೋಷಕರೂ ಮಕ್ಕಳೂ ಪ್ರತಿಭಟಿಸಿದ್ದು ನಿಮಗೆ ಗೊತ್ತು. ನೀವು ಹೋದ ಜಾಗಕ್ಕೆ ಕನ್ನಡದವರು ಬರಲು ಸಮಯ ಕೊಡಿ. ಫೆಬ್ರವರಿಯಲ್ಲಿ ಬಾಯಿಮಾತಿನಲ್ಲಿ ತಿಳಿಸಿ, ಪರೀಕ್ಷೆ ಮುಗಿಸಿ, ಪೇಪರು ತಿದ್ದಿ, ಮಾರ್ಕು ಒಪ್ಪಿಸಿ. ರಜೆಯ ಸಂಬಳ ಕೊಡುವ ಶಾಲೆಯಾದರೆ ಮಾರ್ಚಿಗಲ್ಲ, ಮೇ ಕೊನೆಗೆ ಬಿಡುಗಡೆ ಕೇಳಿ. ಐದು ವರ್ಷ ತುಂಬಲು ಜೂನಿನ ಕೆಲವು ದಿನ ಬೇಕಾದರೆ ಆ ದಿನಗಳನ್ನೂ ಸೇರಿಸಿ ಕೇಳಿ.

ರಾಜೀನಾಮೆ ಪತ್ರದಲ್ಲಿ ಸೇರಿದ ತಾರೀಖು, ಬಿಡುವ ತಾರೀಖು ಎರಡೂ ಇರಲಿ. ಬೈಗುಳ ಬೇಡ, "ನನಗೆ ಬರಬೇಕಾದ್ದು ಏನೂ ಇಲ್ಲ" ಎಂಬ ಸಾಲೂ ಬೇಡ. ಅಂಥ ಕಾಗದ ಸಿದ್ಧಮಾಡಿ ಸಹಿ ಕೇಳಿದರೆ "ಮನೆಯಲ್ಲಿ ತೋರಿಸಿ ಬರುತ್ತೇನೆ" ಎಂದು ಹೇಳಿ ತನ್ನಿ. ನಿಮ್ಮ ಪ್ರತಿಯ ಮೇಲೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಸೇರುವಾಗ ಒರಿಜಿನಲ್ ಸರ್ಟಿಫಿಕೇಟು ಇಟ್ಟುಕೊಂಡಿದ್ದರೆ ಪತ್ರ ಕೊಡುವ ಮೊದಲೇ ಏನಾದರೂ ಅರ್ಜಿಯ ಕಾರಣ ಹೇಳಿ ವಾಪಸು ಪಡೆಯಿರಿ. ಅನುಭವ ಪತ್ರ ಕೇಳಿ.

ಬಿಟ್ಟ 30 ದಿನದೊಳಗೆ ಗ್ರಾಚ್ಯುಟಿಗೆ ಬರಹದಲ್ಲಿ ಅರ್ಜಿ ಕೊಡಬೇಕು. ತಡವಾಯಿತೆಂದು ಹಕ್ಕು ಹೋಗುವುದಿಲ್ಲ, ಆದರೆ ತಡಮಾಡಬೇಡಿ. ಹಣ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಮ್ಯಾನೇಜ್‌ಮೆಂಟು ಕೊಡಬೇಕು, ಮೀರಿದರೆ ಬಡ್ಡಿ ಸೇರುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಹೋಗಬಹುದು. 1988ರ ತೀರ್ಪು ಇದಕ್ಕೆ ಅಡ್ಡ ಬರುವುದಿಲ್ಲ, ಇದು ಬೇರೆ ಕಾನೂನು. ಈ ಜೂನಿನಲ್ಲಿ ಬಿಡುವ ಯೋಚನೆ ಇರುವವರು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಸಂಘದ ಕೋಣೆಗೆ ಬನ್ನಿ. ನೇಮಕದ ಆದೇಶ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಯು.ಎ.ಎನ್. ನಂಬರು ತನ್ನಿ. ಇನ್ನೂ ಪತ್ರ ಕೊಡದವರೇ ಮೊದಲು ಬನ್ನಿ.